ಹಳೇ ಯೆಜ್ಡಿ ರೋಡ್‌ಕಿಂಗ್‌ಗೆ ಯಾವ ಏರ್ ಫಿಲ್ಟರ್, ಯಾವ ಸೈಲೆನ್ಸರ್ ಹಾಕಬೇಕು?

ಅಪ್ಪನ ರೋಡ್‌ಕಿಂಗ್ ಕುಮಟೆಯ ಮನೆಯಲ್ಲಿ ವರ್ಷಗಟ್ಟಲೆ ನಿಂತಿದೆ, ಮೆಕ್ಯಾನಿಕ್ ಕೆಲಸ ಬರುವುದಿಲ್ಲ, ಆದರೂ ನಾನೇ ರಿಪೇರಿ ಮಾಡಿ ಕೆಫೆ ರೇಸರ್ (ತಗ್ಗು ಹ್ಯಾಂಡಲ್, ಒಂಟಿ ಸೀಟಿನ ಹಳೇ ರೇಸ್ ಗಾಡಿಯ ರೂಪ) ಮಾಡಬೇಕು, ಯಾವ ಫಿಲ್ಟರ್, ಯಾವ ಸೈಲೆನ್ಸರ್ ಹಾಕಲಿ ಅಂತ ಕೇಳಿದ್ದೀರಿ. ಯಾವುದೂ ಬೇಡ. ಗಾಡಿಯ ಜೊತೆ ಬಂದದ್ದೇ ಇರಲಿ.

ನನ್ನದು ಸೋದರಮಾವನ ಗಾಡಿ. ಅವರು ಕಾರವಾರದಲ್ಲಿ ನೌಕರಿ ಮಾಡುತ್ತಿದ್ದರು, ಮನೆ ಕೋಡಿಬಾಗದಲ್ಲಿ. ಮೊಣಕಾಲು ನೋವು ಶುರುವಾದ ಮೇಲೆ ಕಿಕ್ ಹೊಡೆಯಲು ಆಗಲಿಲ್ಲ, ಗಾಡಿ ಶೆಡ್ಡು ಸೇರಿತು. ಸಮುದ್ರದ ಗಾಳಿ ಏನು ಮಾಡುತ್ತದೆ ಅಂತ ನಿಮಗೆ ಹೇಳಬೇಕಾಗಿಲ್ಲ. ಹ್ಯಾಂಡಲ್ ಹಿಡಿದರೆ ಕ್ರೋಮ್ ಸಿಪ್ಪೆ ಸಿಪ್ಪೆಯಾಗಿ ಕೈಗೆ ಬರುತ್ತಿತ್ತು. ಚಕ್ರದ ಕಡ್ಡಿಗಳಲ್ಲಿ ಕೆಲವು ಬೆರಳಲ್ಲಿ ಒತ್ತಿದರೆ ಮುರಿಯುತ್ತಿದ್ದವು. "ಗುಜರಿಗೆ ಹಾಕೋದಕ್ಕಿಂತ ನೀನೇ ತಗೊಂಡು ಹೋಗು" ಅಂದರು ಮಾವ. ಅಡಿಕೆ ಇಳಿಸಿ ಖಾಲಿ ಬರುತ್ತಿದ್ದ ಟೆಂಪೋದಲ್ಲಿ ಹಾಕಿಸಿಕೊಂಡು ಶಿರಸಿಗೆ ತಂದೆ.

ಇಂಜಿನ್ ಕೆಲಸಕ್ಕೆ ನೀವು ಹೆದರುತ್ತಿದ್ದೀರಿ ಅನ್ನಿಸುತ್ತದೆ. ಹೆದರಬೇಡಿ, ಅದೇ ಸುಲಭದ ಭಾಗ. ಟೂ ಸ್ಟ್ರೋಕ್ ಇಂಜಿನ್, ಸಿಲಿಂಡರ್ ಒಂದೇ, ವಾಲ್ವ್ ಇಲ್ಲ, ಕ್ಯಾಮ್ ಇಲ್ಲ. ನನ್ನದರಲ್ಲಿ ಪಿಸ್ಟನ್ ಅಂಟಿಕೊಂಡಿತ್ತು. ಪ್ಲಗ್ ಬಿಚ್ಚಿ ಆ ತೂತಿನಿಂದ ಡೀಸೆಲ್ ಹಾಕಿ ಬಿಟ್ಟೆ, ಆಗಾಗ ಹೋಗಿ ಹಿಂದಿನ ಚಕ್ರವನ್ನು ಗೇರ್‌ನಲ್ಲಿ ಹಿಂದೆ ಮುಂದೆ ಅಲ್ಲಾಡಿಸುತ್ತಿದ್ದೆ, ಒಂದು ದಿನ ಬಿಟ್ಟುಕೊಂಡಿತು. ಮೈಸೂರಿನ ಐಡಿಯಲ್ ಜಾವಾ ಕಾರ್ಖಾನೆ 1996ರಲ್ಲೇ ಮುಚ್ಚಿದರೂ ಪಿಸ್ಟನ್, ರಿಂಗು, ಆಯಿಲ್ ಸೀಲು ಇವತ್ತಿಗೂ ಸಿಗುತ್ತವೆ. ಲೇತಿನವರ ಹತ್ತಿರ ಬೋರ್ ಹೊಡೆಸಿ (ಸಿಲಿಂಡರಿನ ಒಳಗೋಡೆ ಸ್ವಲ್ಪ ಕೊರೆಸಿ ಅಗಲ ಮಾಡಿಸಿ) ಓವರ್‌ಸೈಜ್ ಪಿಸ್ಟನ್ ಹಾಕಿದೆ. ಗಾಡಿ ಸ್ಟಾರ್ಟ್ ಆಯ್ತು. ಅಲ್ಲಿಗೆ ನಿಲ್ಲಿಸಿದ್ದರೆ ಈ ಉತ್ತರ ಬರೆಯುವ ಕೆಲಸವೇ ಇರಲಿಲ್ಲ.

ಆದರೆ ನಾನೂ ನಿಮ್ಮ ಹಾಗೇ ಮೊಬೈಲಿನಲ್ಲಿ ಫೋಟೋ ನೋಡಿದವನು. ಏರ್ ಫಿಲ್ಟರ್ ಡಬ್ಬಿ ಪೂರ್ತಿ ಕಿತ್ತು ಕಾರ್ಬೊರೇಟರ್ ಬಾಯಿಗೆ ನೇರವಾಗಿ ಒಂದು ಕೋನ್ ಫಿಲ್ಟರ್ ಸಿಕ್ಕಿಸಿದೆ. ಎರಡೂ ಸೈಲೆನ್ಸರಿನ ಒಳಗಿನ ಜಾಲರಿ ಕೊಳವೆ ತೆಗೆದು ಹಾಕಿದೆ. ಯಲ್ಲಾಪುರ ನಾಕಾದಲ್ಲಿ ನಿಂತವರೆಲ್ಲ ತಿರುಗಿ ನೋಡುವ ಹಾಗೆ ಸದ್ದು ಬಂತು. ಕಾರ್ಬೊರೇಟರ್ ಜೆಟ್ (ಪೆಟ್ರೋಲನ್ನು ಅಳತೆಯಲ್ಲಿ ಬಿಡುವ ಸಣ್ಣ ತೂತಿನ ತುಂಡು) ಮಾತ್ರ ಮುಟ್ಟಲಿಲ್ಲ, ಅದನ್ನು ಮುಟ್ಟಬೇಕು ಅನ್ನುವುದೇ ಗೊತ್ತಿರಲಿಲ್ಲ.

ಹಾಗೇ ಒಂದು ಭಾನುವಾರ ದೇವಿಮನೆ ಘಾಟಿ ಇಳಿದೆ. ಡ್ರಮ್ ಬ್ರೇಕಿನ ಮೇಲೆ ಭರವಸೆ ಇಲ್ಲ ಅಂತ ಸೆಕೆಂಡ್ ಗೇರಿನಲ್ಲಿ, ಆಕ್ಸಿಲರೇಟರ್ ಪೂರ್ತಿ ಬಿಟ್ಟು, ಇಂಜಿನ್ ಹಿಡಿತದಲ್ಲೇ ಇಳಿಸುತ್ತಾ ಬಂದೆ. ತಿರುವುಗಳು ಮುಗಿದು ಕತಗಾಲ ಹತ್ತಿರ ಬರುವಾಗ ಸ್ವಲ್ಪ ನೇರ ರಸ್ತೆ ಸಿಕ್ಕಿತು, ಜೋರಾಗಿ ಆಕ್ಸಿಲರೇಟರ್ ಕೊಟ್ಟೆ. ಹಿಂದಿನ ಚಕ್ರ ಗಕ್ಕನೆ ನಿಂತಿತು. ನಿಧಾನ ಆದದ್ದಲ್ಲ, ನಿಂತೇ ಹೋಯಿತು. ಕೈ ತಾನಾಗೇ ಕ್ಲಚ್ ಹಿಡಿದದ್ದಕ್ಕೆ ಬಿದ್ದಿಲ್ಲ. ಹಿಂದೆ ಲಾರಿ ಇರಲಿಲ್ಲ, ಪುಣ್ಯ.

ಏನಾಯ್ತು ಅಂತ ಬಿಡಿಸಿ ಹೇಳುತ್ತೇನೆ. ಈ ಟೂ ಸ್ಟ್ರೋಕ್ ಇಂಜಿನಿನಲ್ಲಿ ಪಿಸ್ಟನ್ನಿಗೆ ಬೇರೆ ಆಯಿಲ್ ಇಲ್ಲ. ಗೇರ್‌ಬಾಕ್ಸಿನ ಆಯಿಲ್ ಗೇರಿಗೆ ಮಾತ್ರ. ಪಿಸ್ಟನ್ನಿಗೆ ಬೇಕಾದದ್ದು ನಾವು ಪೆಟ್ರೋಲಿಗೆ ಬೆರೆಸುವ ಆಯಿಲ್, ಅದು ಪೆಟ್ರೋಲಿನ ಜೊತೆಗೇ ಬರಬೇಕು. ಆಕ್ಸಿಲರೇಟರ್ ಬಿಟ್ಟರೆ ಪೆಟ್ರೋಲ್ ನಿಂತ ಹಾಗೆ. ಪೆಟ್ರೋಲ್ ನಿಂತರೆ ಆಯಿಲ್ಲೂ ಇಲ್ಲ. ಆದರೆ ಇಳಿಜಾರಿನಲ್ಲಿ ಚಕ್ರ ಇಂಜಿನ್ನನ್ನು ತಿರುಗಿಸುತ್ತಲೇ ಇರುತ್ತದೆ. ಅಂದರೆ ಘಾಟಿ ಇಳಿಯುವಷ್ಟು ಹೊತ್ತೂ ಪಿಸ್ಟನ್ ಒಣಗಿಕೊಂಡೇ ಓಡುತ್ತಿತ್ತು. ಹಳಬರು ಇಳಿಜಾರಿನಲ್ಲಿ ನಡುನಡುವೆ ಕ್ಲಚ್ ಹಿಡಿದು ಒಮ್ಮೆ ಆಕ್ಸಿಲರೇಟರ್ ಕೊಡುತ್ತಿದ್ದರಲ್ಲ, ಅದು ಸ್ಟೈಲಿಗೆ ಅಂತ ನಾನು ತಿಳಿದಿದ್ದೆ.

ಅದೊಂದರಿಂದಲೇ ಬಹುಶಃ ಪಿಸ್ಟನ್ ಸಿಲಿಂಡರಿಗೆ ಹಿಡಿದುಕೊಂಡು ನಿಲ್ಲುತ್ತಿರಲಿಲ್ಲ. ಮಾವ ಅದೇ ಗಾಡಿಯಲ್ಲಿ ಎಷ್ಟು ಸಲ ಆ ಘಾಟಿ ಇಳಿದಿದ್ದಾರೋ. ಕೆಡಿಸಿದ್ದು ಫಿಲ್ಟರ್. ಆ ದೊಡ್ಡ ಡಬ್ಬಿ ಗಾಳಿಯನ್ನು ಸ್ವಲ್ಪ ತಡೆಯುತ್ತದೆ, ಆ ತಡೆಯನ್ನು ಲೆಕ್ಕಕ್ಕೆ ಹಿಡಿದೇ ಜೆಟ್ಟಿನ ತೂತು ಇಟ್ಟಿರುತ್ತಾರೆ. ಡಬ್ಬಿ ಕಿತ್ತರೆ ಗಾಳಿ ಜಾಸ್ತಿ, ಪೆಟ್ರೋಲ್ ಅಷ್ಟೇ. ಸೈಲೆನ್ಸರೂ ಬರೀ ಸದ್ದು ತಡೆಯುವ ಡಬ್ಬಿ ಅಲ್ಲ, ಟೂ ಸ್ಟ್ರೋಕಿನಲ್ಲಿ ಹೊರಗೆ ಓಡುವ ಹೊಸ ಪೆಟ್ರೋಲನ್ನು ಸ್ವಲ್ಪ ಮಟ್ಟಿಗೆ ಹಿಂದಕ್ಕೆ ತಳ್ಳುವುದು ಅದೇ. ಸಾಲದ್ದಕ್ಕೆ ಈಗಿನ ಪೆಟ್ರೋಲಿನಲ್ಲಿ 20% ಎಥೆನಾಲ್, ಅದರಲ್ಲೇ ಆಮ್ಲಜನಕ ಇರುವುದರಿಂದ ಹಳೇ ಜೆಟ್ಟಿಗೆ ಮಿಕ್ಸ್ (ಗಾಳಿ-ಪೆಟ್ರೋಲ್ ಮಿಶ್ರಣ) ಇನ್ನೂ ತೆಳು. ತೆಳು ಮಿಕ್ಸ್ ಅಂದರೆ ಬಿಸಿ ಜಾಸ್ತಿ, ಆಯಿಲ್ ಕಡಿಮೆ. ಅಲ್ಯೂಮಿನಿಯಂ ಪಿಸ್ಟನ್ ಎರಕದ ಕಬ್ಬಿಣದ ಸಿಲಿಂಡರಿಗಿಂತ ಬೇಗ ಹಿಗ್ಗುತ್ತದೆ, ನನ್ನದು ಬೇರೆ ಹೊಸ ಬೋರು, ಬಿಗಿಯಾಗೇ ಇತ್ತು. ನೇರ ರಸ್ತೆಯಲ್ಲಿ ಒಮ್ಮೆಲೇ ಬೆಂಕಿ ಬಿದ್ದಾಗ ಹಿಗ್ಗಲು ಜಾಗ ಇರಲಿಲ್ಲ.

ಶಿರಸಿಯ ಹಳೇ ಮೆಕ್ಯಾನಿಕ್ ಒಬ್ಬರು ಸಿಲಿಂಡರ್ ಎತ್ತಿ ಪಿಸ್ಟನ್ ಕೈಗೆ ಕೊಟ್ಟರು. ಮುಂಭಾಗದಲ್ಲಿ, ಸೈಲೆನ್ಸರ್ ಬಾಯಿ ಇರುವ ಕಡೆ, ಮೇಲಿಂದ ಕೆಳಗೆ ಉದ್ದುದ್ದ ಗೀರುಗಳು. ಮೇಲಿನ ರಿಂಗು ಕರಗಿದ ಅಲ್ಯೂಮಿನಿಯಂ ಕೆಳಗೆ ಹೂತುಹೋಗಿತ್ತು, ಉಗುರು ಹಾಕಿ ಎಬ್ಬಿಸಿದರೂ ಏಳಲಿಲ್ಲ. "ಪ್ಲಗ್ ಬಿಚ್ಚಿ ನೋಡಿದ್ಯೇನೋ ತಮಾ?" ಅಂದರು. ನೋಡಿರಲಿಲ್ಲ. ತುದಿ ಸುಣ್ಣ ಬಳಿದ ಹಾಗೆ ಬೆಳ್ಳಗಿತ್ತು. ಸರಿಯಾದ ಮಿಕ್ಸ್ ಇದ್ದರೆ ಅದು ತಿಳಿ ಕಂದು ಇರಬೇಕು. ಫಿಲ್ಟರ್ ಹಾಕಿದ ಮೇಲೆ ಊರೊಳಗೆ ಒಂದು ಸುತ್ತು ಹೊಡೆದು ಪ್ಲಗ್ ಬಿಚ್ಚಿದ್ದರೆ ಅಲ್ಲೇ ಗೊತ್ತಾಗುತ್ತಿತ್ತು. ಐದು ನಿಮಿಷದ ಕೆಲಸ. ಮತ್ತೆ ಬೋರು, ಮತ್ತೆ ಪಿಸ್ಟನ್, ಮತ್ತೆ ಖರ್ಚು. ಬೋರನ್ನು ಎಷ್ಟು ಸಲ ಬೇಕಾದರೂ ಹೊಡೆಸಲು ಆಗುವುದಿಲ್ಲ, ಗೊತ್ತಲ್ವಾ? ಒಂದೊಂದು ಸಲಕ್ಕೂ ಸಿಲಿಂಡರಿನ ಆಯಸ್ಸು ಅಷ್ಟಷ್ಟು ಹೋಗುತ್ತದೆ.

ಹಾಗಾದರೆ ದೊಡ್ಡ ಜೆಟ್ ಹಾಕಿದರೆ ಆಯ್ತಲ್ಲ ಅನ್ನಬಹುದು. ಆಗುತ್ತದೆ, ಜೆಟ್ ಬದಲಿಸಿ, ಓಡಿಸಿ, ಪ್ಲಗ್ ನೋಡಿ, ಮತ್ತೆ ಬದಲಿಸುವ ತಾಳ್ಮೆ ಇರುವವರಿಗೆ. ಕೆಲಸವೇ ಬರುವುದಿಲ್ಲ ಅನ್ನುವವರು ಅಲ್ಲಿಂದ ಶುರು ಮಾಡಬಾರದು. ಕೆಫೆ ರೇಸರ್ ಅಂತ ಹಿಂದಿನ ಫ್ರೇಮ್ ಕತ್ತರಿಸುವುದಂತೂ ಬೇಡವೇ ಬೇಡ. ಕಂಪನಿ ಕೊಟ್ಟ ರೂಪ ಬದಲಿಸುವುದಕ್ಕೆ ಮೋಟಾರು ವಾಹನ ಕಾಯ್ದೆಯ 52ನೇ ಸೆಕ್ಷನ್ ಅಡ್ಡ ಬರುತ್ತದೆ. 15 ವರ್ಷ ದಾಟಿದ ಗಾಡಿಗೆ ಐದೈದು ವರ್ಷಕ್ಕೆ ಆರ್‌ಸಿ ರಿನ್ಯೂವಲ್ ಬೇರೆ ಇದೆ, ಆಗ ಗಾಡಿ ತೋರಿಸಲೇಬೇಕು. ವಿಂಟೇಜ್ ಅಂತ ನೋಂದಣಿ ಮಾಡಿಸುವ ಯೋಚನೆ ಇದ್ದರೆ, ಅದಕ್ಕೆ 50 ವರ್ಷ ದಾಟಿರಬೇಕು. ರೋಡ್‌ಕಿಂಗ್ ಬಂದದ್ದೇ 1978ರಲ್ಲಿ.

ಹ್ಯಾಂಡಲ್ ಬದಲಿಸಿ, ಸೀಟ್ ಹೊಲಿಸಿ, ಕನ್ನಡಿ ಬೇಕಾದ್ದು ಹಾಕಿ. ಪಾನಾ ಹಿಡಿದು ಬಿಚ್ಚಿದರೆ ಹಳೇದು ವಾಪಸ್ ಕೂರಬೇಕು, ಅಷ್ಟೇ ನನ್ನ ಲೆಕ್ಕ. ಪೇಂಟ್ ಕೊನೆಗೆ, ಗಾಡಿ ಚೆನ್ನಾಗಿ ಓಡಿದ ಮೇಲೆ. ಪೇಂಟರ್ ಚಾಸಿ ನಂಬರ್ ಮೇಲೆ ಪುಟ್ಟಿ ಮೆತ್ತದ ಹಾಗೆ ಪಕ್ಕದಲ್ಲೇ ನಿಂತು ನೋಡಿ. ಕ್ರ್ಯಾಂಕಿನ (ಪಿಸ್ಟನ್ ತಿರುಗಿಸುವ ದಂಡದ) ಎರಡೂ ಬದಿಯ ಆಯಿಲ್ ಸೀಲ್ ಚೆನ್ನಾಗೇ ಕಂಡರೂ ಬದಲಿಸಿ. ರಬ್ಬರ್ ಗಟ್ಟಿಯಾಗಿದ್ದರೆ ಅಲ್ಲಿಂದಲೂ ಗಾಳಿ ಎಳೆದು ಅದೇ ತೆಳು ಮಿಕ್ಸಿನ ಕಥೆ. ಮಳೆಗಾಲದಲ್ಲಿ ಗಾಡಿ ನಿಲ್ಲಿಸುವುದಾದರೆ ಟ್ಯಾಂಕ್ ಪೂರ್ತಿ ಖಾಲಿ ಮಾಡಿ. ಎಥೆನಾಲ್ ನೀರು ಎಳೆದುಕೊಳ್ಳುತ್ತದೆ, ನಿಮ್ಮ ಕುಮಟೆಯ ಹವೆಯಲ್ಲಿ ನೀರಿಗೇನು ಬರ.

ಈಗ ಮೊದಲ ಕೆಲಸ ಟ್ಯಾಂಕ್. ಒಳಗಿರುವ ಹಳೇ ಪೆಟ್ರೋಲ್ ಚೆಲ್ಲಿ, ಗಾಳಿಗೆ ಒಣಗಲು ಬಿಡಿ, ಆಮೇಲೆ ಟಾರ್ಚ್ ಬಿಟ್ಟು (ಬೆಂಕಿಕಡ್ಡಿ ಗೀರಿ ನೋಡಿದವರನ್ನೂ ಕಂಡಿದ್ದೇನೆ!) ತಳದ ಒಂದು ಫೋಟೋ ಹಾಕಿ. ಬರೀ ಮೇಲಿನ ತುಕ್ಕಾದರೆ ವಿನೆಗರ್ ತುಂಬಿಸಿಟ್ಟರೆ ಹೋಗುತ್ತದೆ. ತೂತು ಬಿದ್ದಿದ್ದರೆ ಬೇರೆ ದಾರಿ ಹೇಳುತ್ತೇನೆ.