ಲೆಕ್ಕ ಮಾಡಿದರೆ ಮೆದುಳು ಜಾಸ್ತಿ ತಿನ್ನುತ್ತಾ?

ಓದುಗರ ಪತ್ರ: ನನ್ನ ಮಗಳು ಬಯೋಕೆಮಿಸ್ಟ್ರಿಯಲ್ಲಿ ಎಂ.ಎಸ್ಸಿ. ಮುಗಿಸಿದ್ದಾಳೆ. ಮೆದುಳಿಗೆ ಶಕ್ತಿ ಎಲ್ಲಿಂದ ಬರುತ್ತದೆ, ಹೇಗೆ ಖರ್ಚಾಗುತ್ತದೆ ಎಂಬುದರ ಮೇಲೆ ಪಿಎಚ್.ಡಿ. ಮಾಡುತ್ತೇನೆಂದು ಹಟ ಹಿಡಿದಿದ್ದಾಳೆ. ಇದನ್ನೇ ನೆಚ್ಚಿಕೊಂಡು ಬದುಕಿದವರು ಇದ್ದಾರಾ? ಅವರು ದಿನವೂ ಮಾಡುವುದಾದರೂ ಏನು? ಇನ್ನೊಂದು ಸಣ್ಣ ಪ್ರಶ್ನೆ: ತಲೆ ಜಾಸ್ತಿ ಓಡಿಸಿದರೆ ಮೆದುಳು ಜಾಸ್ತಿ ಸಕ್ಕರೆ ತಿನ್ನುತ್ತಾ?

ಸಂಪಾದಕರ ಉತ್ತರ: ನಿಮ್ಮ ಸಣ್ಣ ಪ್ರಶ್ನೆಯಿಂದಲೇ ಶುರು ಮಾಡುತ್ತೇನೆ. ಅದು ಸಣ್ಣದೇನಲ್ಲ. ಒಬ್ಬರ ಇಪ್ಪತ್ತು ವರ್ಷ ಅದರ ಹಿಂದೆಯೇ ಹೋಗಿದೆ.

1940ರ ದಶಕದಲ್ಲಿ ಅಮೆರಿಕದ ಪೆನ್ಸಿಲ್ವೇನಿಯಾ ವಿಶ್ವವಿದ್ಯಾಲಯದಲ್ಲಿ ಸೀಮೋರ್ ಕೆಟಿ ಎಂಬ ಯುವ ವೈದ್ಯರಿದ್ದರು. ಬದುಕಿರುವ ಮನುಷ್ಯನ ಮೆದುಳಿಗೆ ಎಷ್ಟು ರಕ್ತ ಹೋಗುತ್ತದೆ ಎಂದು ಅಳೆಯುವ ದಾರಿಯನ್ನು ಅವರು ಕಾರ್ಲ್ ಸ್ಮಿತ್ ಜೊತೆ ಸೇರಿ ಹುಡುಕಿದರು. ಉಪಾಯ ಸರಳ. ಮಲಗಿದವರಿಗೆ ಹತ್ತು ನಿಮಿಷ ಸ್ವಲ್ಪ ನೈಟ್ರಸ್ ಆಕ್ಸೈಡ್ ಉಸಿರಾಡಲು ಕೊಡುವುದು. ನಡುನಡುವೆ ಅಪಧಮನಿಯಿಂದ ಒಂದಿಷ್ಟು ರಕ್ತ, ಮೆದುಳಿನಿಂದ ಹೊರಬರುವ ಕುತ್ತಿಗೆಯ ಅಭಿಧಮನಿಯಿಂದ ಒಂದಿಷ್ಟು ರಕ್ತ ತೆಗೆಯುವುದು. ಒಳಗೆ ಹೋಗಿದ್ದೆಷ್ಟು, ಹೊರಗೆ ಬಂದಿದ್ದೆಷ್ಟು? ಅಂಗಡಿ ಲೆಕ್ಕದ ಹಾಗೆ. 100 ಗ್ರಾಂ ಮೆದುಳಿಗೆ ನಿಮಿಷಕ್ಕೆ ಸುಮಾರು 50 ಮಿಲಿಲೀಟರ್ ರಕ್ತ ಎಂದು ಗೊತ್ತಾಯಿತು. ಅದೇ ರಕ್ತದಿಂದ ಆಮ್ಲಜನಕದ ಖರ್ಚೂ ಸಿಕ್ಕಿತು. ದೇಹದ ತೂಕದಲ್ಲಿ ನೂರಕ್ಕೆ 2 ಪಾಲು ಇರುವ ಮೆದುಳು, ಸುಮ್ನೆ ಕೂತಾಗಲೂ ಆಮ್ಲಜನಕದಲ್ಲಿ ಸುಮಾರು 20 ಪಾಲು ತಿನ್ನುತ್ತದೆ.

ಕೆಟಿ ಲ್ಯಾಬಿಗೆ ಲೂಯಿ ಸೊಕೊಲಾಫ್ ಬಂದು ಸೇರಿದರು. ಅದಕ್ಕೂ ಮೊದಲು ಸೈನ್ಯದಲ್ಲಿ ಮನೋರೋಗಿಗಳನ್ನು ನೋಡುತ್ತಿದ್ದವರು. ಅವರ ತಂಡ ನಿಮ್ಮದೇ ಪ್ರಶ್ನೆ ಕೇಳಿತು. ಜನರನ್ನು ಮಲಗಿಸಿ, ಬಾಯಿಲೆಕ್ಕ ಕೊಟ್ಟು, ರಕ್ತ ಪರೀಕ್ಷೆ ಮಾಡಿತು. 1955ರಲ್ಲಿ ಫಲಿತಾಂಶ ಅಚ್ಚಾಯಿತು: ಆಮ್ಲಜನಕದ ಖರ್ಚಿನಲ್ಲಿ ಏನೂ ವ್ಯತ್ಯಾಸ ಇಲ್ಲ.

ಬೇರೆಯವರಾಗಿದ್ದರೆ ಇದನ್ನು ಡ್ರಾಯರಿಗೆ ಸೇರಿಸಿ ಮರೆತುಬಿಡುತ್ತಿದ್ದರೋ ಏನೋ. ಸೊಕೊಲಾಫ್ ಬಿಡಲಿಲ್ಲ. ಇಡೀ ಕಟ್ಟಡಕ್ಕೆ ಒಂದೇ ಮೀಟರ್ ಇದ್ದರೆ, ಮೂರನೇ ಮಹಡಿಯಲ್ಲಿ ಯಾರೋ ಒಂದು ದೀಪ ಹಾಕಿದ್ದು ಅದರಲ್ಲಿ ಕಾಣುತ್ತಾ? ಕೋಣೆಗೊಂದು ಮೀಟರ್ ಬೇಕು. ಅದನ್ನು ಮಾಡಿ, ಪೂರ್ತಿ ವಿವರ ಅಚ್ಚಾಗಲು 1977ರವರೆಗೆ ಹಿಡಿಯಿತು. ಡಿಆಕ್ಸಿಗ್ಲೂಕೋಸ್ ಎಂಬ ವಸ್ತು ಸಕ್ಕರೆಯ ವೇಷದಲ್ಲಿ ಜೀವಕೋಶದೊಳಗೆ ಹೋಗುತ್ತದೆ, ಮೊದಲ ಮೆಟ್ಟಿಲು ಹತ್ತುತ್ತದೆ, ಎರಡನೆಯದು ಹತ್ತಲಾಗದೆ ಅಲ್ಲೇ ಸಿಕ್ಕಿಹಾಕಿಕೊಳ್ಳುತ್ತದೆ. ಅದಕ್ಕೆ ವಿಕಿರಣದ ಗುರುತು ಹಚ್ಚಿ ಇಲಿಗೆ ಕೊಟ್ಟು, 45 ನಿಮಿಷ ಬಿಟ್ಟು, ಮೆದುಳನ್ನು ಕೂದಲಿಗಿಂತ ತೆಳ್ಳಗೆ ಹೆಚ್ಚಿ ಎಕ್ಸ್‌ರೇ ಫಿಲ್ಮ್ ಮೇಲೆ ಇಟ್ಟರೆ, ಎಲ್ಲಿ ಜಾಸ್ತಿ ಸಕ್ಕರೆ ಖರ್ಚಾಯಿತೋ ಅಲ್ಲಿ ಕಪ್ಪು. 1981ರಲ್ಲಿ ಸೊಕೊಲಾಫ್‌ಗೆ ವೈದ್ಯಕೀಯ ಸಂಶೋಧನೆಯ ಲಾಸ್ಕರ್ ಪ್ರಶಸ್ತಿ ಬಂತು.

ಹಾಗಾಗಿ ನಿಮಗೆ ಉತ್ತರ: ತಿನ್ನುತ್ತದೆ, ಆದರೆ ಒಂದು ಮೂಲೆಯಲ್ಲಿ, ಸ್ವಲ್ಪವೇ. ಒಂದು ಕೆಲಸಕ್ಕಾಗಿ ಏರುವ ಖರ್ಚು ಸಾಮಾನ್ಯವಾಗಿ ನೂರಕ್ಕೆ 5 ಪಾಲಿಗಿಂತ ಕಡಿಮೆ. ಪರೀಕ್ಷೆಗೆ ಓದಿದ್ದೇನೆ ಅಂತ ಎರಡು ಲಾಡು ಜಾಸ್ತಿ ತಿನ್ನುವುದಕ್ಕೆ ವಿಜ್ಞಾನದ ಬೆಂಬಲ ಇಲ್ಲ.

ಈ ಕಥೆಗೆ ಇನ್ನೊಂದು ಬಾಲ ಇದೆ. ಅದೇ ಉಪಾಯವನ್ನು ಮನುಷ್ಯರಿಗೆ ಒಗ್ಗಿಸಲು ಅಮೆರಿಕದ ಬ್ರೂಕ್‌ಹೇವನ್ ಲ್ಯಾಬಿನ ರಸಾಯನ ವಿಜ್ಞಾನಿಗಳು ಡಿಆಕ್ಸಿಗ್ಲೂಕೋಸ್‌ಗೆ ಫ್ಲೋರಿನ್ ಸೇರಿಸಿ ಎಫ್‌ಡಿಜಿ ತಯಾರಿಸಿದರು. ಅದರಲ್ಲಿರುವ ವಿಕಿರಣಶೀಲ ಫ್ಲೋರಿನ್ 110 ನಿಮಿಷಕ್ಕೆ ಅರ್ಧವಾಗುತ್ತದೆ. 1976ರಲ್ಲಿ ಮೊದಲ ಬಾರಿ ಮನುಷ್ಯರಿಗೆ ಕೊಡುವಾಗ ಅದನ್ನು ವಿಮಾನದಲ್ಲಿ ಫಿಲಡೆಲ್ಫಿಯಾಕ್ಕೆ ಸಾಗಿಸಿದ್ದರು. ದಾರಿಯುದ್ದಕ್ಕೂ ಮಾಲು ಕರಗುತ್ತಲೇ ಇರುತ್ತದೆ, ಅಲ್ವಾ? ಇವತ್ತು ಕ್ಯಾನ್ಸರ್ ರೋಗಿಗೆ ಪೆಟ್ ಸ್ಕ್ಯಾನ್ ಮಾಡುವಾಗ ಕೊಡುವುದು ಅದನ್ನೇ. ಇದನ್ನು ದಿನವೂ ತಯಾರಿಸುವ ರೇಡಿಯೋಕೆಮಿಸ್ಟ್ ಹುದ್ದೆ ಇಂದಿಗೂ ಇದೆ. ಪ್ರೊಫೆಸರ್ ಆಗುವುದೊಂದೇ ದಾರಿ ಎಂದು ನೀವಾಗಲಿ ಮಗಳಾಗಲಿ ತಿಳಿಯಬೇಡಿ. ಎಂಆರ್‌ಐ ವಿಭಾಗ, ಔಷಧ ಕಂಪನಿ, ಮಾಹಿತಿ ವಿಶ್ಲೇಷಣೆ, ಎಲ್ಲ ಕಡೆಗೂ ಇಲ್ಲಿಂದ ಹೋದವರಿದ್ದಾರೆ.

ಗಮನಿಸಿದ್ದೀರಾ, ಈ ವಿಷಯಕ್ಕೆ ನೇರವಾಗಿ ಬಂದವರೇ ಕಡಿಮೆ. ಕೆಟಿ ಶುರು ಮಾಡಿದ್ದು ಸೀಸದ ವಿಷಕ್ಕೆ ಚಿಕಿತ್ಸೆ ಹುಡುಕುತ್ತಾ. ಮುಂದೆ ಸ್ಕಿಜೋಫ್ರೇನಿಯಾ ವಂಶವಾಹಿಯ ಕಡೆ ಹೊರಳಿದರು. ಜಾರ್ಜ್ ಕೇಹಿಲ್ ಸಕ್ಕರೆ ಕಾಯಿಲೆಯ ವೈದ್ಯರು. ಐದಾರು ವಾರ ಉಪವಾಸ ಇದ್ದವರ ಮೆದುಳು ಗ್ಲೂಕೋಸ್ ಬದಲು ಹೆಚ್ಚಾಗಿ ಕೊಬ್ಬಿನಿಂದ ಬರುವ ಕೀಟೋನ್‌ಗಳ ಮೇಲೆ ಓಡುತ್ತದೆಂದು 1967ರಲ್ಲಿ ಅವರ ತಂಡ ತೋರಿಸಿತು. ನನಗೆ ಎಲ್ಲರಿಗಿಂತ ಕಾಡುವವರು ಜರ್ಮನಿಯ ಹಾನ್ಸ್ ಬರ್ಗರ್. ಮನಸ್ಸಿನ ಶಕ್ತಿಯನ್ನು ಅಳೆಯಬೇಕೆಂದು ವರ್ಷಗಟ್ಟಲೆ ಮೆದುಳಿನ ರಕ್ತಸಂಚಾರ ನೋಡಿದರು, ಮೆದುಳಿನ ಉಷ್ಣತೆ ನೋಡಿದರು. ಹೇಳಿಕೊಳ್ಳುವಂಥದ್ದು ಏನೂ ಕೈಗೆ ಹತ್ತಲಿಲ್ಲ. ಕೊನೆಗೆ ವಿದ್ಯುತ್ ನೋಡಿದರು. 1924ರಲ್ಲಿ ಮೊದಲ ಗೆರೆ ಮೂಡಿತು. ಅದನ್ನು ಪ್ರಕಟಿಸಿದ್ದು 1929ರಲ್ಲಿ. ಅದೇ ಇಇಜಿ. ಅವರಿಗೆ ಆಗ 56 ವರ್ಷ.

ಇನ್ನು ದಿನದ ಕೆಲಸ. ಅದರಲ್ಲಿ ಬೆರಗು ಕಡಿಮೆ, ಗಡಿಬಿಡಿ ಜಾಸ್ತಿ. ರಕ್ತ ನಿಂತರೆ ಮೆದುಳಿನ ಎಟಿಪಿ, ಅಂದರೆ ಜೀವಕೋಶ ಖರ್ಚು ಮಾಡುವ ಶಕ್ತಿಯ ಚಿಲ್ಲರೆ, ನಿಮಿಷಗಳಲ್ಲಿ ಬರಿದಾಗುತ್ತದೆ. ಅಂದರೆ ಅಳೆಯಹೊರಟದ್ದು ಅಳೆಯುವಷ್ಟರಲ್ಲೇ ಮಾಯ. ಅದಕ್ಕೇ ಮಾದರಿಯನ್ನು ಕ್ಷಣಮಾತ್ರದಲ್ಲಿ ಹೆಪ್ಪುಗಟ್ಟಿಸುತ್ತಾರೆ. ಇಲಿ ಗಾಬರಿಯಾದರೂ ಅಂಕಿ ಬದಲಾಗುತ್ತದೆ, ಅರಿವಳಿಕೆ ಬದಲಿಸಿದರೂ ಬದಲಾಗುತ್ತದೆ. ಹೌದು, ಪ್ರಾಣಿ ಪ್ರಯೋಗ ಇರುತ್ತದೆ. ಇಲಿಯನ್ನು ಕೈಯಲ್ಲಿ ಹಿಡಿಯುವ, ಕೊನೆಗೆ ಕೊಲ್ಲುವ ಕೆಲಸ ಅದು. ಮಗಳಿಗೆ ಅದು ಒಗ್ಗುತ್ತದೋ ಇಲ್ಲವೋ ಈಗಲೇ ಕೇಳಿ. ಒಗ್ಗದಿದ್ದರೆ ನಾಚಿಕೆಪಡಬೇಕಾದ್ದಿಲ್ಲ, ಮನುಷ್ಯರ ಸ್ಕ್ಯಾನ್ ಮೇಲೆ ಕೆಲಸ ಮಾಡುವ ಲ್ಯಾಬುಗಳೂ ಇವೆ.

ಜಗಳಗಳೂ ಇವೆ. ನರಕೋಶಕ್ಕೆ ಪಕ್ಕದ ಆಸ್ಟ್ರೋಸೈಟ್ ಎಂಬ ಕೋಶಗಳು ಸಕ್ಕರೆ ಒಡೆದು ಲ್ಯಾಕ್ಟೇಟ್ ಮಾಡಿ ಉಣಿಸುತ್ತವೆ ಎಂದು 1994ರಲ್ಲಿ ಪೆಲೆರಿನ್ ಮತ್ತು ಮ್ಯಾಜಿಸ್ಟ್ರೆಟ್ಟಿ ಹೇಳಿದರು. ಮೂವತ್ತು ವರ್ಷ ಕಳೆದರೂ ಒಪ್ಪುವವರು, ಒಪ್ಪದವರು ಎರಡೂ ಕಡೆ ಗಟ್ಟಿಯಾಗಿ ಕೂತಿದ್ದಾರೆ. ಗೈಡ್ ಆರಿಸಿಕೊಂಡರೆ ಗೊತ್ತಿಲ್ಲದೇ ಒಂದು ಪಕ್ಷ ಆರಿಸಿಕೊಂಡ ಹಾಗೆ. ಮಗಳು ಎರಡೂ ಕಡೆಯ ಪ್ರಬಂಧ ಓದಿಕೊಂಡು ಹೋಗಲಿ.

ಪಿಎಚ್.ಡಿ.ಗೆ ಐದಾರು ವರ್ಷ, ಆಮೇಲೆ ಪೋಸ್ಟ್‌ಡಾಕ್ ಎಂಬ ತಾತ್ಕಾಲಿಕ ಸಂಶೋಧನಾ ಕೆಲಸದಲ್ಲಿ ಇನ್ನೊಂದಿಷ್ಟು ವರ್ಷ, ಅಲ್ಲಿಯವರೆಗೆ ಕಾಯಂ ಕೆಲಸದ ಭರವಸೆ ಇಲ್ಲ. ನಿಮ್ಮ ಆತಂಕ ಸುಳ್ಳಲ್ಲ. ಲ್ಯಾಬ್ ನೋಡಲು ಹೋದಾಗ ಪ್ರೊಫೆಸರನ್ನು ಬಿಟ್ಟು, ಮೂರನೇ ವರ್ಷದ ವಿದ್ಯಾರ್ಥಿಯೊಬ್ಬರನ್ನು ಹೊರಗೆ ಕಾಫಿಗೆ ಕರೆಯಲು ಹೇಳಿ. ಮುಂಚೆ ಇಲ್ಲಿದ್ದವರು ಈಗ ಎಲ್ಲಿದ್ದಾರೆ, ಮೆಷಿನ್ ಕೆಟ್ಟರೆ ರಿಪೇರಿಗೆ ಎಷ್ಟು ದಿನ, ಏನೂ ವ್ಯತ್ಯಾಸ ಕಾಣದ ಫಲಿತಾಂಶ ಬಂದರೆ ಗೈಡ್ ಏನು ಹೇಳುತ್ತಾರೆ, ಈ ಮೂರನ್ನು ಕೇಳಲಿ.