ಓದುಗರ ಪ್ರಶ್ನೆ: ಮಳೆಗಾಲದಲ್ಲಿ ಕೈಕೊಡುವ ಪೆಪ್ಟೈಡ್

ಪ್ರಶ್ನೆ: ನ್ಯೂಟ್ರೊಫಿಲ್ ಎಂಬ ಬಿಳಿ ರಕ್ತಕಣಗಳ ಚಲನೆ ಅಳೆಯಲು, ಅವನ್ನು ಸೆಳೆಯುವ ಎಫ್‌ಎಂಎಲ್‌ಪಿ ಪೆಪ್ಟೈಡ್ (ಪುಟ್ಟ ಪ್ರೋಟೀನ್ ತುಣುಕು) ಬಳಸುತ್ತಿದ್ದೇನೆ. ಬೇಸಿಗೆಯಲ್ಲಿ ಕಣಗಳು ರಂಧ್ರಗಳಿರುವ ಪೊರೆ ದಾಟಿ ಕೆಳಗಿನ ಪೆಪ್ಟೈಡ್‌ನತ್ತ ಚೆನ್ನಾಗಿ ಇಳಿಯುತ್ತಿದ್ದವು. ಮಳೆ ಶುರುವಾದ ಮೇಲೆ ಕಡಿಮೆಯಾಗಿದೆ. ಪ್ರಮಾಣವನ್ನು 10 ಮೈಕ್ರೊಮೋಲಾರ್‌ಗೆ ಏರಿಸಿದರೆ ಇನ್ನೂ ಇಳಿಮುಖ. ಏನು ಮಾಡಲಿ?
– ಸಂಶೋಧನಾ ವಿದ್ಯಾರ್ಥಿನಿ, ಕಾರವಾರ

ಉತ್ತರ: ಮೊದಲು ಪ್ರಮಾಣ ಇಳಿಸಿ. ಮನುಷ್ಯರ ನ್ಯೂಟ್ರೊಫಿಲ್ ಚೆನ್ನಾಗಿ ಚಲಿಸುವುದು ಸುಮಾರು 10ರಿಂದ 100 ನ್ಯಾನೋಮೋಲಾರ್‌ನಲ್ಲಿ. ಅದಕ್ಕಿಂತ ತುಂಬಾ ಹೆಚ್ಚಾದರೆ ಪೆಪ್ಟೈಡನ್ನು ಗುರುತಿಸುವ ಕಣದ ಮೇಲಿನ ಗ್ರಾಹಕಗಳೆಲ್ಲ ತುಂಬಿಹೋಗಿ ಕಣಕ್ಕೆ ದಿಕ್ಕೇ ತಿಳಿಯುವುದಿಲ್ಲ. ನಡೆಯುವ ಬದಲು ನಿಂತಲ್ಲೇ ಕಿಣ್ವಗಳನ್ನು ಹೊರಹಾಕತೊಡಗುತ್ತದೆ.

ಆದರೆ ಮೂಲ ದೋಷ ಬಹುಶಃ ಸೀಸೆಯಲ್ಲಿದೆ. ಫ್ರೀಜರ್‌ನಿಂದ ತೆಗೆದ ತಕ್ಷಣ ಮುಚ್ಚಳ ತೆರೆದರೆ ಕರಾವಳಿಯ ಒದ್ದೆ ಗಾಳಿ ತಣ್ಣನೆಯ ಪುಡಿಯ ಮೇಲೆ ನೀರಾಗಿ ಕೂರುತ್ತದೆ. ಒದ್ದೆಯಾದ ಪುಡಿಯಲ್ಲಿ, ಪೆಪ್ಟೈಡ್‌ನ ಭಾಗವಾದ ಮೆಥಿಯೊನಿನ್ ಎಂಬ ಅಮೈನೊ ಆಮ್ಲದ ಗಂಧಕ ಆಕ್ಸಿಡೀಕರಣಗೊಳ್ಳುವುದು ಸುಲಭ. ಹಾಗಾದ ಪೆಪ್ಟೈಡ್ ಗ್ರಾಹಕಕ್ಕೆ ಸರಿಯಾಗಿ ಅಂಟುವುದಿಲ್ಲ. ಸೀಸೆಯನ್ನು ಮುಚ್ಚಿಟ್ಟೇ, ಸಿಲಿಕಾ ಜೆಲ್ ಡೆಸಿಕೇಟರ್‌ನಲ್ಲಿ (ತೇವ ಹೀರುವ ಪೆಟ್ಟಿಗೆ) ಅರ್ಧ ಗಂಟೆ ಬಿಟ್ಟು ಆಮೇಲೆ ತೆರೆಯಿರಿ. ಪುಡಿ ಕರಗಿಸುವ ದ್ರಾವಕ ಡಿಎಂಎಸ್‌ಓ ಕೂಡ ಗಾಳಿಯ ತೇವ ಹೀರುತ್ತದೆ, ಹಾಗಾಗಿ ಹೊಸ ಸೀಸೆಯದ್ದನ್ನೇ ಬಳಸಿ.

1 ಮಿಲಿಗ್ರಾಂ ಪುಡಿಗೆ 229 ಮೈಕ್ರೊಲೀಟರ್ ಡಿಎಂಎಸ್‌ಓ ಹಾಕಿದರೆ 10 ಮಿಲಿಮೋಲಾರ್. ಐದೈದು ಮೈಕ್ರೊಲೀಟರ್‌ನಂತೆ ಹಂಚಿ −20 ಡಿಗ್ರಿಯಲ್ಲಿಡಿ. ಕರಗಿಸಿದ್ದನ್ನು ಮತ್ತೆ ಹೆಪ್ಪುಗಟ್ಟಿಸಬೇಡಿ. ಬಳಸುವ ದಿನ ಬಫರ್‌ನಲ್ಲಿ ನೂರರಲ್ಲೊಂದು ಪಾಲಿನಂತೆ ಮೂರು ಸಲ ತೆಳುಮಾಡಿದರೆ 10 ನ್ಯಾನೋಮೋಲಾರ್ ಸಿಗುತ್ತದೆ. ಆ ದ್ರಾವಣ ಮರುದಿನಕ್ಕೆ ಬೇಡ.

ಪೊರೆಯ ರಂಧ್ರ 3 ಮೈಕ್ರಾನ್ ಇರಲಿ. 8 ಮೈಕ್ರಾನ್ ಆದರೆ ಕಣಗಳು ತಾವಾಗಿಯೇ ಸೋರಿಬಿಡುತ್ತವೆ. ಬಫರ್‌ನಲ್ಲಿ ಕ್ಯಾಲ್ಸಿಯಂ, ಮೆಗ್ನೀಸಿಯಂ, ಶೇ 0.1 ಅಲ್ಬುಮಿನ್ ಇರಬೇಕು. ಪೊರೆಯ ಅಡಿ ಒಂದು ಗುಳ್ಳೆ ಸಿಕ್ಕಿಕೊಂಡರೂ ಅಲ್ಲಿ ಪೆಪ್ಟೈಡ್ ತಲುಪದು, ಆದ್ದರಿಂದ ಪೊರೆಯಿರುವ ಪುಟ್ಟ ಬಟ್ಟಲನ್ನು ಓರೆಯಾಗಿ ಇಳಿಸಿ. 37 ಡಿಗ್ರಿಯಲ್ಲಿ ಒಂದು ಗಂಟೆ ಸಾಕು. ಪೊರೆಯ ಕೆಳಮೈಗೆ ಅಂಟಿಕೊಂಡ ಕಣಗಳನ್ನೂ ಇಡಿಟಿಎ ಎಂಬ, ಕ್ಯಾಲ್ಸಿಯಂ ಹಿಡಿದಿಡುವ ರಾಸಾಯನಿಕದಿಂದ ಬಿಡಿಸಿ ಎಣಿಸಿ.

ಹೋಲಿಕೆಗಾಗಿ ತಟ್ಟೆಯ ಇನ್ನೊಂದು ಗುಳಿಯಲ್ಲಿ ಪೊರೆಯ ಮೇಲೂ ಕೆಳಗೂ ಸಮ ಪ್ರಮಾಣದ ಪೆಪ್ಟೈಡ್ ಹಾಕಲೇಬೇಕು. ಅಲ್ಲೂ ಅಷ್ಟೇ ಕಣಗಳು ಇಳಿದರೆ ನೀವು ಅಳೆದದ್ದು ಬರೀ ಚುರುಕು, ದಿಕ್ಕು ಹಿಡಿದ ನಡೆಯಲ್ಲ. ಇಲಿಯ ರಕ್ತಕ್ಕೆ ಈ ಲೆಕ್ಕ ಹೊಂದದು. ಅದರ ಗ್ರಾಹಕ ಎಫ್‌ಎಂಎಲ್‌ಪಿಗೆ ಬಹಳ ಮಂದ.

ಪ್ರಶ್ನೆ: ದೋಣಿ ಎಳೆಯುವಾಗ ಬೆರಳು ಜಜ್ಜುತ್ತದೆ. ಚರ್ಮ ಒಡೆಯದೆ, ಕ್ರಿಮಿ ಸೇರದೆ ಬಿಳಿ ರಕ್ತಕಣ ಅಲ್ಲಿಗೆ ಹೇಗೆ ಬರುತ್ತದೆ?
– ಶಿಕ್ಷಕರು, ಕುಮಟಾ

ಉತ್ತರ: ಬ್ಯಾಕ್ಟೀರಿಯಾ ತನ್ನ ಪ್ರೋಟೀನನ್ನು ಫಾರ್ಮೈಲ್ ಮೆಥಿಯೊನಿನ್‌ನಿಂದ ಆರಂಭಿಸುತ್ತದೆ. ಅದರ ತುಣುಕನ್ನು ಹೋಲುವ ಕೃತಕ ಪೆಪ್ಟೈಡ್‌ಗಳು ಬಿಳಿ ಕಣಗಳನ್ನು ಸೆಳೆಯುತ್ತವೆ ಎಂದು 1975ರಲ್ಲಿ ಶಿಫ್‌ಮನ್ ಮತ್ತು ಸಂಗಡಿಗರು ತೋರಿಸಿದರು. ನಮ್ಮ ಜೀವಕೋಶದೊಳಗಿನ ಮೈಟೊಕಾಂಡ್ರಿಯಾ ಕೂಡ ಹಾಗೆಯೇ ಆರಂಭಿಸುತ್ತದೆ. ಕೋಶ ಜಜ್ಜಿದಾಗ ಆ ತುಣುಕುಗಳು ಹೊರಬೀಳುತ್ತವೆ, ನ್ಯೂಟ್ರೊಫಿಲ್‌ಗೆ ಅದೂ ಕರೆಯೇ. ಬಾವು ಬರಲು ಇದೂ ಒಂದು ಕಾರಣ.