ಹಿತ್ತಲ ಹೊಂಗೆ ಮತ್ತು ಮೇಷ್ಟ್ರ ಸ್ಕೂಟರು

ಬಸವನಗುಡಿಯ ಓದುಗರೊಬ್ಬರು, ನಿವೃತ್ತ ಶಿಕ್ಷಕರು, ಮೂರು ಪುಟದ ಪತ್ರ ಬರೆದಿದ್ದಾರೆ. ಅದರ ಸಾರ ಇಷ್ಟು: "ಬಂಕಿಗೆ ಹೋದರೆ ಈಗ ಇ20 ಪೆಟ್ರೋಲೇ ಗತಿ, ಅಂದರೆ ಕಬ್ಬು, ಮೆಕ್ಕೆಜೋಳದಿಂದ ತೆಗೆದ ಎಥನಾಲ್ ಎಂಬ ಮದ್ಯಸಾರವನ್ನು ಶೇ 20ರಷ್ಟು ಬೆರೆಸಿದ್ದು. ನನ್ನ ಹಳೇ ಸ್ಕೂಟರಿನ ಮೈಲೇಜು ನಿಜವಾಗಿ ಇಳಿದಿದೆಯೋ, ಅಥವಾ ನನ್ನ ಭ್ರಮೆಯೋ? ಅದಿರಲಿ. ಕೃಷಿ ವಿಜ್ಞಾನಿಗಳು ಇಂಧನದ ಬೆಳೆ, ಎಣ್ಣೆ ಮರ ಅಂತ ಯಾಕೆ ಹೊರಟಿದ್ದಾರೆ? ಅವರ ಕೆಲಸ ರಾಗಿ, ತೊಗರಿ, ಅವರೆ. ಇಂಧನ ಎಂಜಿನಿಯರುಗಳಿಗೆ ಬಿಟ್ಟ ವಿಷಯ. ಅನ್ನ ಬೆಳೆಯುವ ನೆಲದಲ್ಲಿ ಪೆಟ್ರೋಲ್ ಬೆಳೆಯುವುದು ಪಾಪವಲ್ಲವೇ?"

ಮೇಷ್ಟ್ರೇ, ಇಂಥ ದುಂಡಕ್ಷರದ ಪತ್ರ ಈ ಕಚೇರಿಗೆ ಬಂದು ಎಷ್ಟು ಕಾಲವಾಯಿತೋ. ಎಡಕ್ಕೆ ಕೆಂಪು ಶಾಯಿಯ ಮಾರ್ಜಿನ್ ಬೇರೆ. ನಿಮಗೆ ಸಲ್ಲಬೇಕಾದ್ದನ್ನು ಮೊದಲೇ ಸಲ್ಲಿಸಿಬಿಡುತ್ತೇನೆ. ನಿಮ್ಮ ಆತಂಕ ಸುಳ್ಳಲ್ಲ. ಕಬ್ಬಿನಿಂದ ಒಂದು ಲೀಟರ್ ಎಥನಾಲ್ ಬರಲು ಸುಮಾರು 2,860 ಲೀಟರ್ ನೀರು ಬೇಕೆಂದು ನೀತಿ ಆಯೋಗದ 2021ರ ವರದಿಯೇ ಹೇಳಿದೆ. ಮೆಕ್ಕೆಜೋಳ ರಫ್ತು ಮಾಡುತ್ತಿದ್ದ ನಾವು 2024ರಲ್ಲಿ ಆಮದಿಗೆ ಇಳಿದೆವು. ಕಾಳೆಲ್ಲ ಡಿಸ್ಟಿಲರಿಗೆ ಹೋದರೆ ಕೋಳಿಗೆ ಏನು ಹಾಕೋಣ ಎಂದು ಫಾರಂನವರು ಗೋಳಾಡಿದರು. ಒಪ್ಪಿದೆ.

ಆದರೆ ಅದಕ್ಕೆ ಕೃಷಿ ವಿಜ್ಞಾನಿಯ ಕಿವಿ ಹಿಂಡುತ್ತೀರಲ್ಲ, ಅಲ್ಲಿ ನನ್ನ ತಕರಾರು. ಗಲಾಟೆ ಮಾಡಿದ ಹುಡುಗ ಒಬ್ಬ, ನೀವು ಬೆಂಚಿನ ಮೇಲೆ ನಿಲ್ಲಿಸಿದ್ದು ಇನ್ನೊಬ್ಬನನ್ನು. ಇಂಧನದ ಬೆಳೆ ವಿಚಾರದಲ್ಲಿ ಅವರನ್ನು ಮೊದಲು ಕೇಳಿ ಆಮೇಲೆ ಹೊಲಕ್ಕಿಳಿದವರು ಯಾರಿದ್ದಾರೆ ಹೇಳಿ?

ಜತ್ರೋಫಾ ನೆನಪಿದೆಯೇ? ನಮ್ಮ ಕಡೆ ಕಾಡುಹರಳು ಅನ್ನುತ್ತಾರೆ, ದನ ಬಾಯಿ ಹಾಕುವುದಿಲ್ಲವೆಂದು ಬೇಲಿಗೆ ನೆಡುವ ಗಿಡ. ಇದನ್ನು ಒಂದು ಕೋಟಿ ಹೆಕ್ಟೇರಿಗೂ ಮಿಕ್ಕಿ ಬೆಳೆಸಿದರೆ 2011-12ರ ಹೊತ್ತಿಗೆ ಬೀಜದ ಎಣ್ಣೆಯನ್ನು ಡೀಸೆಲ್‌ಗೆ ಶೇ 20ರಷ್ಟು ಬೆರೆಸಬಹುದೆಂದು 2003ರಲ್ಲಿ ಯೋಜನಾ ಆಯೋಗದ ಸಮಿತಿ ಲೆಕ್ಕ ಹಾಕಿತು. ಆಗ ನಂಬಿ ನೆಡುವಂಥ ತಳಿಯೇ ಇರಲಿಲ್ಲ. ಬೇಲಿಯಿಂದ ಕಡಿದ ಕಡ್ಡಿ, ಅಲ್ಲಿ ಇಲ್ಲಿ ಆರಿಸಿದ ಬೀಜ, ಅಷ್ಟೇ ಬಂಡವಾಳ. ಮಧ್ಯ ಅಮೆರಿಕದ ಕಡೆಯಿಂದ ಬಂದ ಗಿಡವಾದ್ದರಿಂದ, ಆರಿಸಿ ಬೆಸೆಯೋಣವೆಂದರೆ ನಮ್ಮಲ್ಲಿದ್ದ ಗಿಡಗಳಲ್ಲಿ ವೈವಿಧ್ಯವೂ ಕಮ್ಮಿ. ಕೂಸು ಹುಟ್ಟುವ ಮುಂಚೆ ಕುಲಾವಿ ಅನ್ನುತ್ತೇವಲ್ಲ, ಇಲ್ಲಿ ಗಾಡಿಗಟ್ಟಲೆ ಕುಲಾವಿ ಹೊಲಿಸಿದರು.

ಆ ಕುಲಾವಿ ಕೊಂಡವರಲ್ಲಿ ನನ್ನ ಸೋದರಮಾವನೂ ಒಬ್ಬರು. ಶಿರಾ ಕಡೆ ಎರಡು ಎಕರೆ ಖುಷ್ಕಿ. ಏಜೆಂಟನೊಬ್ಬ ಬಂದು, ಬೀಜವನ್ನೆಲ್ಲ ನಾವೇ ಕೊಳ್ಳುತ್ತೇವೆ ಅಂದ. ಮೂರನೇ ವರ್ಷ ನಾನು ಹೋದಾಗ ಗಿಡ ಆಳೆತ್ತರ, ಎಲೆ ಫಳಫಳ. ಒಂದೇ ಗೊಂಚಲಿನಲ್ಲಿ ಒಂದು ಕಾಯಿ ಕಪ್ಪಗೆ ಒಣಗಿದೆ, ಪಕ್ಕದ್ದು ಹಳದಿ, ಅದರ ಪಕ್ಕದ್ದು ಇನ್ನೂ ಹಸಿರು. ಒಂದೇ ಸಲ ಕುಯ್ಯುವ ಹಾಗಿಲ್ಲ, ವಾರ ವಾರ ಆಳು ಕರೆಯಬೇಕು. ಇಷ್ಟು ಮಾಡಿ ಸಿಕ್ಕಿದ್ದು ಗೋಣಿಚೀಲದ ತಳ ಮುಚ್ಚುವಷ್ಟು ಬೀಜ. ಏಜೆಂಟನ ಫೋನು ಸ್ವಿಚ್ ಆಫ್. ಮಾವ ಜೆಸಿಬಿ ತರಿಸಿ ಎಲ್ಲ ಕೀಳಿಸಿದರು. ಕೀಳಿಸುವಾಗ ಬೈದದ್ದು ಯಾರನ್ನು ಗೊತ್ತೇ? ಕೃಷಿ ವಿಜ್ಞಾನಿಗಳನ್ನು. ನಿಮ್ಮ ಹಾಗೆಯೇ.

ಗೊಂಚಲಿನ ಕಾಯೆಲ್ಲ ಒಟ್ಟಿಗೆ ಬಲಿಯುವ ಹಾಗೆ ಮಾಡುವುದು ಎಂಜಿನಿಯರನ ಕೈಯಲ್ಲಿಲ್ಲ ಮೇಷ್ಟ್ರೇ. ಅದು ತಳಿ ತೆಗೆಯುವವನ ಕೆಲಸ, ಅವಸರಕ್ಕೆ ಆಗುವಂಥದ್ದಲ್ಲ. ಮಂಡ್ಯದ ಗದ್ದೆಯಲ್ಲಿ ಕಾಣುವ ಕಬ್ಬಿನ ತಳಿ ಕೊ 86032 ಗೊತ್ತಲ್ಲ, ಅದರ 86 ಎಂದರೆ 1986. ಕೊಯಮತ್ತೂರಿನ ಕಬ್ಬು ತಳಿ ಸಂಸ್ಥೆಯಲ್ಲಿ ಆರಿಸಿ ಆ ನಂಬರು ಕೊಟ್ಟ ವರ್ಷ. ಅಧಿಕೃತವಾಗಿ ಬಿಡುಗಡೆಯಾಗಿದ್ದು 2000ದಲ್ಲಿ. ಅಷ್ಟರಲ್ಲಿ ದೆಹಲಿಯ ಕುರ್ಚಿ ಏಳು ಪ್ರಧಾನಿಗಳನ್ನು ಕಂಡಿತು, ನಮ್ಮ ಗೌಡರೂ ಸೇರಿ. ನೀವು ಮೆಚ್ಚುವ ರಾಗಿಯ ಕಥೆಯೂ ಇದೇ. ಮಂಡ್ಯದ ವಿ.ಸಿ. ಫಾರಂ ಸಂಶೋಧನಾ ಕೇಂದ್ರದಲ್ಲಿ ತಳಿ ವಿಜ್ಞಾನಿ ಸಿ.ಎಚ್. ಲಕ್ಷ್ಮಣಯ್ಯನವರು ಕಣ್ಣಿಗೆ ಸರಿಯಾಗಿ ಕಾಣದ ರಾಗಿ ಹೂವಿನ ಮುಂದೆ ವರ್ಷಗಟ್ಟಲೆ ಕೂತು, ಆಫ್ರಿಕಾದ ರಾಗಿಯನ್ನು ನಮ್ಮದಕ್ಕೆ ಬೆಸೆದು ಇಂಡಾಫ್ ತಳಿಗಳನ್ನು ಕೊಟ್ಟರು. ಮುದ್ದೆಗೆ ಆ ತಾಳ್ಮೆ ಬೇಕು, ಇಂಧನಕ್ಕೆ ಬೇಡ ಎಂದರೆ ಹೇಗೆ?

ನೆಲ, ನೀರಿನ ಪ್ರಶ್ನೆ ಎತ್ತಿದ್ದೀರಿ. ಅದಕ್ಕೆ ಉತ್ತರ ಹುಡುಕುವವರೂ ಇವರೇ. ಬೆಳೆಗೆ ಸಾರಜನಕ ಕೊಡುವ ಯೂರಿಯಾ ತಯಾರಾಗುವುದು ನೈಸರ್ಗಿಕ ಅನಿಲದಿಂದ, ಅದೂ ಇಂಧನವೇ. ಅದನ್ನು ಮೂಟೆಗಟ್ಟಲೆ ಸುರಿದು ಇಂಧನ ಬೆಳೆದರೆ ಗಿಟ್ಟಿದ್ದೇನು? ಬ್ರೆಜಿಲ್ 1975ರಲ್ಲಿ ಎಥನಾಲ್ ಯೋಜನೆಗೆ ಕೈ ಹಾಕಿದಾಗ ಅಲ್ಲಿ ಯೋಹಾನ್ನಾ ಡೊಬೆರೈನರ್ ಎಂಬ ಮಣ್ಣಿನ ವಿಜ್ಞಾನಿ ಇದ್ದರು. ಗಾಳಿಯ ಸಾರಜನಕವನ್ನು ಹಿಡಿಯುವ ಬ್ಯಾಕ್ಟೀರಿಯಾ ಕಬ್ಬಿನ ಒಳಗೇ ಮನೆ ಮಾಡಿಕೊಂಡಿರುವುದನ್ನು ಆಕೆಯ ತಂಡ 1988ರಲ್ಲಿ ತೋರಿಸಿತು. ಇನ್ನು ನಮ್ಮ ಪಕ್ಕದಲ್ಲೇ, ಹೈದರಾಬಾದ್ ಬಳಿ ಒಣಭೂಮಿ ಬೆಳೆಗಳ ಸಂಶೋಧನೆ ನಡೆಸುವ ಪಟಾನ್‌ಚೆರುವಿನ ಇಕ್ರಿಸ್ಯಾಟ್‌ನವರು ಸಿಹಿಜೋಳದ ಹಿಂದೆ ಬಿದ್ದರು. ತೆನೆ ಊಟಕ್ಕೆ, ದಂಟಿನ ರಸ ಎಥನಾಲ್‌ಗೆ, ನಾಲ್ಕು ತಿಂಗಳ ಬೆಳೆ, ನೀರು ಕಬ್ಬಿನ ಮುಂದೆ ಏನೇನೂ ಅಲ್ಲ. ತೊಂದರೆ ಒಂದೇ, ಕಡಿದ ದಂಟನ್ನು ಬೇಗ ಅರೆಯದಿದ್ದರೆ ಸಿಹಿ ಹುಳಿಯಾಗುತ್ತದೆ. ಅನ್ನವೋ ಇಂಧನವೋ ಎಂದು ನೀವು ನಾವು ವಾದ ಮಾಡುತ್ತಿದ್ದಾಗ ಅವರು ಎರಡನ್ನೂ ಒಂದೇ ದಂಟಿನಲ್ಲಿ ಹುಡುಕುತ್ತಿದ್ದರು.

ಈಗ ನನ್ನ ಮೆಚ್ಚಿನ ಮರಕ್ಕೆ ಬರುತ್ತೇನೆ. ಈ ಪತ್ರಿಕೆಯ ಹಳೇ ಓದುಗರು ನಗಬಹುದು, ನಗಲಿ. ನಮ್ಮಜ್ಜಿ ಹೊಂಗೆಕಾಯಿಯನ್ನು ಒರಳುಕಲ್ಲಿನ ಪಕ್ಕ ಕೂತು ಗುಂಡುಕಲ್ಲಿನಿಂದ ಒಂದೊಂದೇ ಒಡೆಯುತ್ತಿದ್ದಳು. ಟಪ್ ಅಂದರೆ ಒಳಗೆ ಒಂದೇ ಕೆಂಪನೆ ಬೀಜ, ಅದೃಷ್ಟವಿದ್ದರೆ ಎರಡು. ಗಾಣದಿಂದ ಬಂದ ಎಣ್ಣೆ ಹಟ್ಟಿಯ ದೀಪಕ್ಕೆ, ಹಿಂಡಿ ಗದ್ದೆಗೆ. ಆ ಕಮಟು ವಾಸನೆ ಅಜ್ಜಿಯ ಸೆರಗಿನಿಂದ ವಾರಗಟ್ಟಲೆ ಹೋಗುತ್ತಿರಲಿಲ್ಲ. ಹೊಂಗೆ ಅನ್ನದ ನೆಲ ಕೇಳುವುದಿಲ್ಲ, ಬದುವಿನಲ್ಲಿ ನಿಲ್ಲುತ್ತದೆ, ಸಾರಜನಕವನ್ನೂ ತಾನೇ ಹಿಡಿದುಕೊಳ್ಳುತ್ತದೆ. ಭಾರತೀಯ ವಿಜ್ಞಾನ ಸಂಸ್ಥೆಯ ಉಡುಪಿ ಶ್ರೀನಿವಾಸ ಅವರು ಇದೇ ಎಣ್ಣೆಯಲ್ಲಿ ಹಳ್ಳಿಯ ಜನರೇಟರು ಓಡಿಸಿ ನೀರೆತ್ತಿಸಿ ತೋರಿಸಿದರು. ನೋಡಿ, ನಿಮ್ಮ ಎಂಜಿನಿಯರು ತನ್ನ ಪಾಲಿನದನ್ನು ಎಂದೋ ಮಾಡಿಯಾಯಿತು.

ಸಿಕ್ಕು ಇರುವುದು ಮರದಲ್ಲಿ. ಒಂದು ಹೊಂಗೆ ಚೀಲ ತುಂಬಾ ಕಾಯಿ ಕೊಟ್ಟರೆ ಪಕ್ಕದ್ದು ಮೊರ ತುಂಬುವಷ್ಟೂ ಕೊಡುವುದಿಲ್ಲ. ಒಳ್ಳೆ ಮರದ ಬೀಜ ನೆಟ್ಟರೆ ಒಳ್ಳೆ ಮರವೇ ಹುಟ್ಟುತ್ತದೆಂಬ ಖಾತ್ರಿ ಇಲ್ಲ, ಪರಾಗ ಎಲ್ಲಿಂದಲೋ ಬಂದಿರುತ್ತದೆ. ಅದಕ್ಕೇ ಬೆಂಗಳೂರು ಕೃಷಿ ವಿಶ್ವವಿದ್ಯಾಲಯದವರು ಹಾಸನದ ಮಡೆನೂರಿನ ಜೈವಿಕ ಇಂಧನ ಪಾರ್ಕಿನಲ್ಲಿ ಹೊಂಗೆ, ಬೇವು, ಹಿಪ್ಪೆ, ಸಿಮರೂಬಾ ಎಂಬ ಎಣ್ಣೆಬೀಜದ ಮರಗಳನ್ನು ಹಿಡಿದು ಕೂತಿದ್ದು. ಒಳ್ಳೆ ಮರ ಗುರುತಿಸು, ಕಸಿ ಕಟ್ಟು, ಕಾಯಿ ಬಿಡುವವರೆಗೆ ಕಾಯಿ. ಹಿತ್ತಲ ಗಿಡ ಮದ್ದಲ್ಲ ಎನ್ನುವ ಊರಿನಲ್ಲಿ ಈ ಕೆಲಸಕ್ಕೆ ಚಪ್ಪಾಳೆ ಎಲ್ಲಿಂದ ಬರಬೇಕು?

ಇ20 ಪೆಟ್ರೋಲಿಗೆ ಪ್ರಧಾನಿ ಚಾಲನೆ ಕೊಟ್ಟಿದ್ದು ನಮ್ಮ ಬೆಂಗಳೂರಿನಲ್ಲೇ, 2023ರ ಫೆಬ್ರುವರಿ 6ರಂದು. ಅವತ್ತು ಟಿವಿ ಚರ್ಚೆಯಲ್ಲಿ ಎಣ್ಣೆ ಕಂಪನಿ, ಕಾರು ಕಂಪನಿ, ಸಕ್ಕರೆ ಕಾರ್ಖಾನೆ ಎಲ್ಲರ ಮುಖ ಕಂಡೆ. ತಳಿ ತಜ್ಞನೊಬ್ಬನ ಮುಖ ಕಾಣಲಿಲ್ಲ. ಎಷ್ಟೋ ಸಂಶೋಧನಾ ಕೇಂದ್ರಗಳಲ್ಲಿ ಒಬ್ಬರು ನಿವೃತ್ತರಾದರೆ ಆ ಕುರ್ಚಿ ಖಾಲಿಯೇ ಉಳಿಯುತ್ತದೆ. ಅವರು ಬೆಸೆದ ಗಿಡಗಳ ತಗಡಿನ ಚೀಟಿ ತುಕ್ಕು ಹಿಡಿದು ಉದುರಿದ ಮೇಲೆ ಯಾವುದು ಯಾವುದರ ಮಗುವೆಂದು ಹೇಳಬಲ್ಲವರಿಲ್ಲ. ನವೆಂಬರಿನಲ್ಲಿ ಇದೇ ಕೃಷಿ ವಿಶ್ವವಿದ್ಯಾಲಯದ ಜಿಕೆವಿಕೆ ಆವರಣದ ಕೃಷಿಮೇಳಕ್ಕೆ ಜನಸಾಗರ. ಹಳ್ಳಿಕಾರ್ ಹೋರಿಯ ಜತೆ ಸೆಲ್ಫಿ, ಮುದ್ದೆ ಊಟ, ಮನೆಗೆ. ನಮ್ಮ ಪತ್ರಿಕೆಯೂ ಕಳೆದ ಸಲ ಹೋರಿಯದೇ ಫೋಟೋ ಹಾಕಿತು. ನಾಚಿಕೆಯಿಂದಲೇ ಒಪ್ಪಿಕೊಳ್ಳುತ್ತೇನೆ.

ಮೊನ್ನೆ ಬೆಳಿಗ್ಗೆ ಕಚೇರಿ ಎದುರಿನ ಹೊಂಗೆ ಮರದಡಿ ಒಣಗಿದ ಕಾಯೆಲ್ಲ ಗುಡಿಸಿ ಗುಡ್ಡೆ ಹಾಕಿದ್ದರು. ಮಧ್ಯಾಹ್ನಕ್ಕೆ ಯಾರೋ ಅದಕ್ಕೆ ಬೆಂಕಿ ಇಟ್ಟಿದ್ದರು. ಚಟಪಟ ಉರಿಯುತ್ತಿತ್ತು, ಅಜ್ಜಿಯ ಸೆರಗಿನದೇ ವಾಸನೆ.

ಅಂದಹಾಗೆ ನಿಮ್ಮ ಸ್ಕೂಟರು. ಭ್ರಮೆಯಲ್ಲ ಮೇಷ್ಟ್ರೇ. ಲೀಟರಿಗೆ ಲೀಟರು ನೋಡಿದರೆ ಎಥನಾಲ್‌ನಲ್ಲಿ ಪೆಟ್ರೋಲಿಗಿಂತ ಸುಮಾರು ಮೂರನೇ ಒಂದು ಪಾಲು ಶಕ್ತಿ ಕಡಿಮೆ. ಇ20ಗೆಂದೇ ತಯಾರಾಗದ ದ್ವಿಚಕ್ರ ವಾಹನಗಳಲ್ಲಿ ಮೈಲೇಜು ಶೇ 3ರಿಂದ 4ರಷ್ಟು ಇಳಿಯಬಹುದೆಂದು ನೀತಿ ಆಯೋಗದ ಅದೇ ವರದಿ ಹೇಳುತ್ತದೆ. ಅದಕ್ಕಿಂತ ಜಾಸ್ತಿ ಇಳಿದಿದ್ದರೆ ಕಾರ್ಬ್ಯುರೇಟರ್ ಒಮ್ಮೆ ಬಿಚ್ಚಿಸಿ ನೋಡಿ.